ತಾರೀಕು ತಪ್ಪಿ ಬಂದ ವಂದನೆ

ಅಳಿಸಿದೆನೋ, ಇಲ್ಲವೋ?

ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಮೂಲೆಯಲ್ಲಿ, ಹಳೆಯ ಕಂಪ್ಯೂಟರಿನ ಮುಂದೆ ಕೂತವಳು ಬೆಳಗಿನಿಂದ ತನ್ನನ್ನೇ ಕೇಳಿಕೊಳ್ಳುತ್ತಿದ್ದುದು ಇದೊಂದೇ ಪ್ರಶ್ನೆ. ಬ್ಲಾಗ್ ತಂತ್ರಾಂಶದ ಹೊಸ ಆವೃತ್ತಿ ಹಾಕಿ ಮುಗಿದ ಕೂಡಲೇ ‘ಇನ್‌ಸ್ಟಾಲ್’ ಎಂಬ ಫೋಲ್ಡರನ್ನು ಅಳಿಸಬೇಕು. ಅಳಿಸದೆ ಬಿಡುವುದೆಂದರೆ, ಮನೆ ಕಟ್ಟಿ ಮುಗಿದ ಮೇಲೂ ಗಾರೆಯವರ ಏಣಿಯನ್ನು ಮಹಡಿಯ ಕಿಟಕಿಗೆ ಒರಗಿಸಿಟ್ಟು ನಿದ್ದೆ ಹೋದಂತೆ.

ಅಳಿಸಿದ ನೆನಪಿತ್ತು. ಆದರೆ ಅಳಿಸಬೇಕು ಎಂದುಕೊಂಡ ನೆನಪು ಅದಕ್ಕಿಂತ ಗಟ್ಟಿಯಾಗಿತ್ತು. ಅಂಜುಬುರುಕರ ತಲೆಯಲ್ಲಿ ಈ ಎರಡು ನೆನಪುಗಳು ಅವಳಿಜವಳಿ. ಯಾವುದು ಯಾವುದೆಂದು ಹೆತ್ತವರಿಗೂ ತಿಳಿಯದು.

ಈಗ ನೋಡಿದರೆ ಫೋಲ್ಡರೇನೋ ಇರಲಿಲ್ಲ. ಆದರೆ ಯಾವಾಗ ಹೋಯಿತು? ಒಳಹೊಕ್ಕವರೇ ಹೋಗುವಾಗ ಏಣಿಯನ್ನೂ ಹೊತ್ತುಕೊಂಡು ಹೋಗಿರಬಹುದಲ್ಲ?

ಯಾರೋ ಹೊಕ್ಕಿದ್ದಂತೂ ನಿಜ. ಅವಳು ಅಪ್‌ಗ್ರೇಡ್ ಮುಗಿಸಿದ ಮಾರನೆಯ ಬೆಳಿಗ್ಗೆ ಅತ್ತೆಯ ಬ್ಲಾಗಿನಲ್ಲಿ, ಅತ್ತೆಯ ಹೆಸರಿನಲ್ಲಿ, ಅತ್ತೆ ಬರೆಯದ ಬರಹವೊಂದು ಪ್ರತ್ಯಕ್ಷವಾಗಿತ್ತು: ಅಂಗಡಿ ಮುಚ್ಚುತ್ತಿದ್ದೇನೆ, ಎಲ್ಲರಿಗೂ ವಂದನೆ.

"ಅಕ್ಕಾ, ಹೇಳದೆ ಕೇಳದೆ ಹೀಗೆ ಮುಚ್ಚಿಬಿಟ್ರೆ ಹೇಗಕ್ಕಾ?"

ಕಟ್ಟೆಯ ಆಚೆ ನಿಂತಿದ್ದ ದರ್ಜಿ ಹೆಂಗಸು ತನ್ನ ಯಂತ್ರದ ತಲೆಯನ್ನು ಕೂಸಿನಂತೆ ಅವುಚಿಕೊಂಡು ಅಳುತ್ತಿದ್ದಳು. "ನಿಮ್ಮ ಬ್ಲಾಗ್ ನೋಡ್ಕೊಂಡೇ ನಾನು ಇದರ ಹೊಟ್ಟೆ ಬಿಚ್ಚೋದು ಕಲ್ತಿದ್ದು. ಮಕ್ಕಳ ಓದೆಲ್ಲ ಇದರ ಮೇಲೇ ನಡೀತು. ನಿಮಗೊಂದು ಥ್ಯಾಂಕ್ಸ್ ಹೇಳೋಕೂ ಆಗಿರ್ಲಿಲ್ಲ ನನಗೆ."

"ಈಗ ಹೇಳಿದ್ಯಲ್ಲ. ಮುಗೀತು," ಎಂದರು ಅತ್ತೆ. "ಅಳ್ಬೇಡ ಕಣೇ. ಕಣ್ಣೀರು ಬಿದ್ರೆ ಶಟಲ್ ತುಕ್ಕು ಹಿಡಿಯುತ್ತೆ."

"ಹಾಗಾದ್ರೆ ಮುಚ್ಚಲ್ವಾ?"

"ಮುಚ್ಚಿದ್ರೆ ಇಲ್ಲಿ ನಿಂತ್ಕೊಂಡು ನಿನ್ನ ಹತ್ರ ಹರಟೆ ಹೊಡೀತಿದ್ನಾ?"

"ಮತ್ತೆ ನೀವು ಬರ್ದಿದ್ದು?"

"ಬರ್ದವರನ್ನ ಕೇಳು."

ದರ್ಜಿ ಹೆಂಗಸು ಏನೂ ಅರ್ಥವಾಗದೆ ಹೋದಳು. ಆದರೆ ಯಂತ್ರ ಬಿಟ್ಟು ಹೋಗಲಿಲ್ಲ, ಎತ್ತಿಕೊಂಡೇ ಹೋದಳು. ಬೆಳಗಿನಿಂದ ಬಂದವರೆಲ್ಲ ಮಾಡಿದ್ದು ಇದನ್ನೇ: ಒಂದು ಕೈಯಲ್ಲಿ ವಂದನೆ ಕೊಟ್ಟು ಇನ್ನೊಂದು ಕೈಯಲ್ಲಿ ಯಂತ್ರ ವಾಪಸ್ ಒಯ್ಯುವುದು. ಗೋಡೆಯ ಕಪಾಟು ಹಲ್ಲು ಬಿದ್ದ ಬಾಯಿಯ ಹಾಗೆ ಕಾಣತೊಡಗಿತ್ತು.

ಅತ್ತೆ ಬಲಗೈಯನ್ನು ಏಪ್ರನ್ನಿನ ಜೇಬಿಗೆ ತುರುಕಿಕೊಂಡು ಕಂಪ್ಯೂಟರಿನ ಹತ್ತಿರ ಬಂದರು.

"ಏನೇ ಗಪ್‌ಚಿಪ್, ಸಿಕ್ಕಿದ್ನಾ ಕಳ್ಳ?"

ಗಪ್‌ಚಿಪ್ ಅವಳಿಗೆ ಅತ್ತೆಯಿಟ್ಟ ಹೆಸರು. ಅವಳು ಇಲ್ಲವೆಂದು ತಲೆಯಾಡಿಸಿದಳು. ಒಂದು ತಲೆಯಾಟದಲ್ಲಿ ಮುಗಿಯುವ ಉತ್ತರಕ್ಕೆ ಬಾಯಿ ಬಳಸುವುದು ಅವಳ ಪ್ರಕಾರ ದುಂದುವೆಚ್ಚ.

"ಆ ಪುಟ ತೆಗೆದುಬಿಡ್ಲಾ ಅತ್ತೆ?" ಎಂದಳು, ಕೀಲಿಮಣೆಗೆ ಕೇಳಿಸುವಷ್ಟು ಮೆಲ್ಲಗೆ.

"ಬೇಡ. ತೆಗೆದ್ರೆ ಅದರ ಕೆಳಗೆ ಅಷ್ಟು ಜನ ಬರ್ದಿರೋದೂ ಹೋಗುತ್ತೆ. ಬಿಟ್ರೆ ನಾನು ಸುಳ್ಳುಗಾತಿ ಆಗ್ತೀನಿ. ಯಾರು ಬರೆದ್ರೋ ಅವರ ಬಾಯಿಂದಲೇ ಬರ್ಲಿ." ಅತ್ತೆ ಒಳಕೋಣೆಯ ಪರದೆಯತ್ತ ಒಮ್ಮೆ ನೋಡಿ ದನಿ ಏರಿಸಿದರು. "ಇವತ್ತು ಷಟರ್ ಎಳೆಯೋ ಹೊತ್ತಿಗೆ ಗೊತ್ತಾಗಬೇಕು. ಇಲ್ದಿದ್ರೆ ಇಡೀ ಸೈಟನ್ನೇ ಅಳಿಸಿಬಿಡು. ನೀನು ಎತ್ತಿಟ್ಟಿರೋ ಪ್ರತಿ ಸಮೇತ. ಕಂಡವರು ನುಗ್ಗಿ ನನ್ನ ಬಾಯಲ್ಲಿ ಮಾತಾಡೋ ಮನೆ ನನಗೆ ಬೇಡ."

ಅವಳು ಕೀಲಿಮಣೆಯಿಂದ ಕೈ ಹಿಂದೆಗೆದಳು.

ಆ ಸೈಟು ಅತ್ತೆಯದಾಗಿದ್ದರೂ ಅದರಿಂದ ಉಸಿರಾಡುತ್ತಿದ್ದವಳು ಅವಳು. ಪದವಿ ಮುಗಿಸಿ ಹೋದ ಸಂದರ್ಶನಗಳಲ್ಲೆಲ್ಲ ಅವಳ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ‘ನಿಮ್ಮ ಬಗ್ಗೆ ಹೇಳಿ’ ಎಂದಾಗ ಒಂದು ಕಡೆ ಅವಳು ಹೇಳಿದ್ದು ‘ಬೇಡ ಸರ್’ ಎಂದು. ಮನೆಯಲ್ಲಿ ಎಲ್ಲರೂ ತಲೆಗೊಂದು ಬುದ್ಧಿ ಹೇಳುತ್ತಿದ್ದಾಗ, ಅಪ್ಪನ ತಂಗಿಯಾದ ಈ ಅತ್ತೆ ಮಾತ್ರ ಅವಳನ್ನು ಇಲ್ಲಿಗೆ ಕರೆತಂದು, ಕಂಪ್ಯೂಟರಿನ ಮುಂದೆ ಕೂರಿಸಿ, "ಬಾಯಿ ಇಲ್ದಿದ್ರೆ ಬಿಡು, ಬೆರಳಿದೆಯಲ್ಲ," ಎಂದಿದ್ದರು. ಆ ಒಂದು ಮಾತಿಗೆ ಅವಳು ಇವತ್ತಿನವರೆಗೂ ಕೃತಜ್ಞತೆ ಹೇಳಿರಲಿಲ್ಲ. ಹೇಳಲು ಬಾಯಿ ಬೇಕಿತ್ತಲ್ಲ.

ಅದಕ್ಕೆ ಬದಲಾಗಿ ಕೆಲಸ ಮಾಡಿದ್ದಳು. ಈ ಅಪ್‌ಗ್ರೇಡನ್ನೂ ಹಾಗೆಯೇ, ಹರಕೆ ತೀರಿಸುವವರ ಶ್ರದ್ಧೆಯಿಂದ ಮಾಡಿದ್ದಳು. ಮೊದಲು ಎಲ್ಲದರ ಪ್ರತಿ ತೆಗೆದಿಟ್ಟಳು. ‘ದುರಸ್ತಿ ನಡೆದಿದೆ, ಅಷ್ಟರಲ್ಲಿ ಯಂತ್ರಕ್ಕೆ ಎಣ್ಣೆ ಹಾಕಿ ಬನ್ನಿ’ ಎಂದು ಸೈಟಿನ ಬಾಗಿಲಿಗೆ ಫಲಕ ತೂಗುಹಾಕಿದಳು. ಹಳೆಯ ಫೋಲ್ಡರುಗಳನ್ನು ತೆಗೆದು ಹೊಸವನ್ನು ಏರಿಸುವಾಗ ಅತ್ತೆ ತೆಗೆದ ಫೋಟೋಗಳನ್ನೂ ಪಾಸ್‌ವರ್ಡ್ ಇರುವ ಸೆಟ್ಟಿಂಗ್ ಕಡತವನ್ನೂ ಮುಟ್ಟಲಿಲ್ಲ. ಆಮೇಲೆ ‘ಡೇಟಾಬೇಸ್ ನವೀಕರಿಸಿ’ ಎಂಬ ಗುಂಡಿ ಒತ್ತಿದಳು.

ಒತ್ತಿದ್ದೇ ತಡ, ಅತ್ತೆಯ ಅಷ್ಟು ವರ್ಷದ ಬರಹವೆಲ್ಲ ಪ್ರಶ್ನೆ ಚಿಹ್ನೆಗಳ ಸಾಲಾಗಿ ಹೋಯಿತು. ಪುಟದ ಮೇಲಿಂದ ಕೆಳಗಿನವರೆಗೆ ಬರೀ ಕೊಕ್ಕೆಗಳು. ಅಕ್ಷರಗಳು ಯಾವ ಬಗೆಯವು ಎಂದು ತಂತ್ರಾಂಶಕ್ಕೆ ತಿಳಿಸುವ ಒಂದೇ ಒಂದು ಸಾಲು ಸೆಟ್ಟಿಂಗ್ ಕಡತದಲ್ಲಿ ಇರಲಿಲ್ಲ. ಅದನ್ನು ಸೇರಿಸಿದಾಗ ಸೂಜಿ, ನೂಲು, ಬೆಲ್ಟು ಎಲ್ಲವೂ ತಂತಮ್ಮ ಜಾಗಕ್ಕೆ ಮರಳಿದವು. ಆ ಗಾಬರಿಯಲ್ಲಿ, ಆ ಸಮಾಧಾನದಲ್ಲಿ, ಫೋಲ್ಡರ್ ಅಳಿಸಿದೆನೋ? ಇಲ್ಲವೋ?

"ನಮಸ್ಕಾರ ಅಕ್ಕಾ!"

ಎದುರು ಬದಿಯ ಶೋರೂಮಿನ ಮ್ಯಾನೇಜರು ಟೈ ಸರಿಮಾಡಿಕೊಳ್ಳುತ್ತ ಒಳಗೆ ಬಂದ. ಹೊಳೆಯುವ ಹೊಸ ಯಂತ್ರಗಳನ್ನು ಮಾರುವವನು. ಅತ್ತೆ ಹಳೆಯದನ್ನೆಲ್ಲ ಬದುಕಿಸುತ್ತಿದ್ದುದರಿಂದ ಅವನ ಹೊಸದು ಗಾಜಿನ ಹಿಂದೆ ಧೂಳು ತಿನ್ನುತ್ತಿತ್ತು.

"ವಿಶ್ರಾಂತಿ ತಗೋತಿದ್ದೀರಂತೆ. ಬಹಳ ಸಂತೋಷ. ಅಂದ್ರೆ, ಬಹಳ ಬೇಜಾರು."

"ಮೊದಲು ಬಾಯಿಂದ ಬಂದಿದ್ದೇ ನಿಜ ಕಣಪ್ಪ. ಏನು ಬೇಕು?"

"ಏನಿಲ್ಲ. ಜಾಗ ಖಾಲಿಯಾದ್ರೆ ಓನರ್ ಹತ್ರ ನಮ್ಮದೂ ಒಂದು ಮಾತು ಹೇಳಿ. ಸರ್ವಿಸ್ ಸೆಂಟರ್ ಮಾಡೋಣ ಅಂತ."

"ನೀವಾ? ಸರ್ವಿಸ್ಸಾ? ಹಾಳಾದ್ರೆ ಹೊಸದು ತಗೊಳ್ಳಿ ಅನ್ನೋದೇ ಅಲ್ವಾ ನಿಮ್ಮ ಸರ್ವಿಸ್ಸು?"

ಗಪ್‌ಚಿಪ್ ಕಂಪ್ಯೂಟರಿನ ಪರದೆಯ ಅಂಚಿನಿಂದ ಅವನನ್ನೇ ನೋಡಿದಳು. ಲಾಭ ಯಾರಿಗೋ ಅಪರಾಧ ಅವರದು. ಅತ್ತೆ ಮುಚ್ಚಿದರೆ ಲಾಭ ಈತನಿಗೆ. ಬೆಳಗಿನಿಂದ ಅವಳ ಮನಸ್ಸು ಬೆರಳು ತೋರಿಸುತ್ತಿದ್ದುದೂ ಈತನ ಕಡೆಗೇ.

ಆದರೆ ಅವನ ಭುಜದ ಆಚೆ, ರಸ್ತೆಗೆ ಮುಖಮಾಡಿ, ಅವನು ಸ್ವಂತ ಕೈಯಾರೆ ಟೈಪು ಮಾಡಿ ತೂಗುಹಾಕಿದ ದೊಡ್ಡ ಫಲಕ ಕಾಣುತ್ತಿತ್ತು: ‘ಸುಲಭ ಕುಂತುಗಳಲ್ಲಿ ಲಭ್ಯ’. ಕಂತು ಕುಂತು ವರ್ಷವಾಗಿತ್ತು. ಯಾರು ನಕ್ಕರೂ ಅವನಿಗೆ ಕಾರಣ ತಿಳಿದಿರಲಿಲ್ಲ. ವಿದಾಯದ ಬರಹದಲ್ಲಿ ಒಂದು ಕೊಂಬು, ಒಂದು ದೀರ್ಘ ತಪ್ಪಿರಲಿಲ್ಲ. ಈತ ಬರೆದಿದ್ದರೆ ಅತ್ತೆ ವಿದಾಯವನ್ನಲ್ಲ, ‘ವಿದಯಾ’ ಹೇಳಬೇಕಾಗುತ್ತಿತ್ತು.

ಹೊರಡುವಾಗ ಅವನು ಬಾಗಿಲಲ್ಲಿ ತಡೆದು ನಿಂತ. "ಒಂದು ಮಾತು ಅಕ್ಕಾ. ನಮ್ಮಮ್ಮನ ಯಂತ್ರ ಕೂಡ ನಿಮ್ಮ ಬ್ಲಾಗ್ ಓದ್ಕೊಂಡೇ ಓಡ್ತಿರೋದು. ನನ್ನ ಶೋರೂಮಿಂದ ಒಂದು ತಗೋ ಅಂದ್ರೆ ಕೇಳಲ್ಲ. ಥ್ಯಾಂಕ್ಸ್ ಹೇಳಬೇಕೋ ಬೈಬೇಕೋ ಗೊತ್ತಾಗ್ತಿಲ್ಲ ನನಗೆ."

"ಎರಡೂ ಹೇಳು. ಕಂತಿನಲ್ಲಿ," ಎಂದರು ಅತ್ತೆ.

ಶಂಕಿತರ ಪೈಕಿ ಒಬ್ಬ ಹೀಗೆ ಬಿದ್ದುಹೋದ. ಉಳಿದದ್ದು ಏಣಿಯ ಪ್ರಶ್ನೆ. ಅದಕ್ಕೆ ಉತ್ತರ ಹೇಳಬಲ್ಲವರು ಸರ್ವರ್ ಅಣ್ಣ ಮಾತ್ರ. ಸೈಟಿಗೆ ಜಾಗ ಬಾಡಿಗೆ ಕೊಟ್ಟವರು. ಅವಳು ಮುಖ ನೋಡದ, ಸಂದೇಶಗಳಲ್ಲಿ ಮಾತ್ರ ಬಲ್ಲ ಮನುಷ್ಯ. ಬೆಳಿಗ್ಗೆ ಕಳಿಸಿದ ಸಂದೇಶಕ್ಕೆ ಈಗ ಉತ್ತರ ಬಂದಿತ್ತು: ‘ಎಲ್ಲ ನೋಡಿದೆ. ಟೈಪ್ ಮಾಡೋಕಾಗಲ್ಲ, ಕೈ ತುಂಬ ವೈರಿದೆ. ಫೋನ್ ಮಾಡು.’

ಫೋನ್ ಮಾಡು! ಬಾವಿಗೆ ಹಾರು ಎಂದಿದ್ದರೂ ಇಷ್ಟು ಯೋಚಿಸುತ್ತಿರಲಿಲ್ಲ. ಅವಳು ಷಟರಿನ ಕಡೆ ನೋಡಿದಳು. ಬಿಸಿಲು ಆಗಲೇ ಕಟ್ಟೆ ಇಳಿದು ನೆಲಕ್ಕೆ ಬಂದಿತ್ತು. ಹೇಳಬೇಕಾದ್ದನ್ನು ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡು ಗುಂಡಿ ಒತ್ತಿದಳು.

"ಹಲೋ... ನಾನು... ಹೊಲಿಗೆ ಯಂತ್ರ..."

"ಹೊಲಿಗೆ ಯಂತ್ರಕ್ಕೆ ಬಾಯಿ ಬಂತಾ! ಅಬ್ಬಾ. ಇಷ್ಟು ದಿನ ಬರೀ ಮೆಸೇಜ್ ಹೊಲೀತಿತ್ತು."

"ಅಣ್ಣಾ, ಇನ್‌ಸ್ಟಾಲ್ ಫೋಲ್ಡರ್..."

"ನೀನೇ ಅಳಿಸಿದ್ದೀಯ ತಾಯಿ. ಅಪ್‌ಗ್ರೇಡ್ ಮುಗಿದ ಮರುಕ್ಷಣ. ಸರ್ವರಿನಲ್ಲಿ ಎಲ್ಲದರ ಗುರುತಿರುತ್ತೆ. ಬೀಗ ಹಾಕಿ ಮತ್ತೆ ಮತ್ತೆ ಎಳೆದು ನೋಡೋರ ಪೈಕಿ ನೀನು, ನೀನೆಲ್ಲಿ ಮರೀತೀಯ."

ಅವಳು ಕಣ್ಣು ಮುಚ್ಚಿಕೊಂಡಳು. ಎದೆಯ ಮೇಲಿನ ಕಲ್ಲನ್ನು ಯಾರೋ ಅಪರಿಚಿತರು ಬಂದು, ನಗುತ್ತ ನಗುತ್ತ ಪಕ್ಕಕ್ಕಿಟ್ಟು ಹೋದ ಹಾಗಾಯಿತು. "ಥ್ಯಾಂಕ್ಸ್ ಅಣ್ಣಾ. ನಿಜವಾಗ್ಲೂ..."

"ಇರು, ಥ್ಯಾಂಕ್ಸ್ ಆಮೇಲೆ. ನಿಮ್ಮಲ್ಲಿಗೆ ಯಾವ ಕಳ್ಳನೂ ಬಂದಿಲ್ಲ. ಆ ಬರಹ ಅವತ್ತು ಬರೆದಿದ್ದೇ ಅಲ್ಲ. ಮೊದಲಿಂದ ಒಳಗೇ ಕೂತಿತ್ತು."

"ಒಳಗಾ?"

"ಮುಂದಿನ ತಾರೀಕು ಹಾಕಿ ಇಟ್ಟಿದ್ರು. ಆ ದಿನ ಬಂದಾಗ ತಾನಾಗೇ ಹೊರಗೆ ಬರೋ ಹಾಗೆ. ಹಳೇ ತಂತ್ರಾಂಶ ದಿನ ಮೊದಲು, ತಿಂಗಳು ಆಮೇಲೆ ಓದ್ತಿತ್ತು. ಹೊಸದು ಉಲ್ಟಾ, ತಿಂಗಳೇ ಮೊದಲು. ದಿನ ತಿಂಗಳಾಗಿ, ತಿಂಗಳು ದಿನ ಆದ್ರೆ..."

"ಮುಂದೆ ಬರಬೇಕಾದ್ದು ಹಿಂದೆ ಹೋಗಿರೋ ಹಾಗೆ ಕಾಣುತ್ತೆ."

"ಅದೇ. ‘ಅಯ್ಯೋ, ಈ ತಾರೀಕು ಕಳೆದೇ ಹೋಯ್ತಲ್ಲ’ ಅಂತ ಗಡಿಬಿಡಿಯಲ್ಲಿ ಹೊರಗೆ ತಳ್ಳಿಬಿಟ್ಟಿದೆ. ಪಾಪ, ಅದಕ್ಕೇನು ಗೊತ್ತು." ಆ ಕಡೆ ಏನೋ ಕೆಳಗೆ ಬಿದ್ದ ಸದ್ದು, ಒಂದು ಸಣ್ಣ ಬೈಗುಳ. "ಇನ್ನೊಂದು ವಿಚಿತ್ರ ಹೇಳ್ತೀನಿ ಕೇಳು. ಆ ತಾರೀಕನ್ನ ಸುಮಾರು ಸಲ ಬದಲಾಯಿಸಿದ್ದಾರೆ. ಹತ್ತಿರ ಬರೋದು, ಮುಂದಕ್ಕೆ ತಳ್ಳೋದು. ಮತ್ತೆ ಹತ್ತಿರ ಬರೋದು, ಮತ್ತೆ ತಳ್ಳೋದು. ಅಷ್ಟೂ ನಿಮ್ಮ ಅಂಗಡಿ ಕಂಪ್ಯೂಟರಿಂದಲೇ."

ಫೋನು ಇಟ್ಟ ಮೇಲೆ ಅವಳಿಗೆ ಹೊಸ ಭಯ ಶುರುವಾಯಿತು. ಕಳ್ಳ ಹೊರಗಿನವನಾದರೆ ಬಾಗಿಲು ಹಾಕಿಕೊಳ್ಳಬಹುದು. ಒಳಗಿನವನಾದರೆ?

ಈ ಕಂಪ್ಯೂಟರನ್ನು ಮುಟ್ಟುವವರು ಅತ್ತೆ, ತಾನು. ಇನ್ನು ಒಳಕೋಣೆಯಲ್ಲಿ ಕೂರುವ ಮಾವ ಇದ್ದಾರೆ, ಅತ್ತೆಯ ಗಂಡ. ಆದರೆ ಅವರು ಕೆಲಸ ಮಾಡುತ್ತಿದ್ದ ಮುದ್ರಣಾಲಯ ಮುಚ್ಚಿದ ದಿನವೇ ಕೀಲಿಮಣೆಗೆ ಕೈಮುಗಿದವರು. ‘ಆ ಪೆಟ್ಟಿಗೆ ಕಂಡ್ರೆ ನನಗಾಗಲ್ಲ’ ಎಂದು ಬಂದವರಿಗೆಲ್ಲ ಹೇಳುವವರು.

ಅವಳು ಆ ಬರಹವನ್ನು ಮತ್ತೆ ತೆರೆದಳು. ಈ ಸಲ ಸೋದರಸೊಸೆಯಂತೆ ಓದಲಿಲ್ಲ. ಅನುಮಾನಪಡುವವಳಂತೆ, ಒಂದೊಂದೇ ಅಕ್ಷರ ಹಿಡಿದು ಓದಿದಳು.

‘ಇಷ್ಟು ವರ್ಷ ನನ್ನ ಕೈಗೆ ತಮ್ಮ ಯಂತ್ರ ಕೊಟ್ಟ ಎಲ್ಲರಿಗೂ ವಂದನೆ. ನೀವು ತಂದ ಪ್ರತಿ ಬಾಬಿನ್‌ನಲ್ಲೂ ನಿಮ್ಮ ಮನೆಯ ಒಂದೆಳೆ ನೂಲು ಉಳಿದಿರುತ್ತಿತ್ತು. ಅದನ್ನು ಬಿಸಾಡಿದವಳಲ್ಲ ನಾನು. ನನ್ನ ಕೈಕಸುಬಿಗೆ ನೀವು ಕೊಟ್ಟ ಮರ‍್ಯಾದೆ ದೊಡ್ಡದು. ಅಂಗಡಿ ಮುಚ್ಚುತ್ತಿದ್ದೇನೆ. ಇನ್ನು ಈ ಕೈಗಳಿಗೆ ವಿಶ್ರಾಂತಿ. ಪೆಡಲ್‌ಗೆ ಎಣ್ಣೆ ಹಾಕುವುದನ್ನು ಮರೆಯಬೇಡಿ. ಸೂಜಿ ಬಗ್ಗಿದ್ದರೆ ಯಂತ್ರವನ್ನು ಬಯ್ಯಬೇಡಿ. ಟೇಬಲ್ನ ಆ ಬದಿ ಕೂತು, ನಾನು ತಪ್ಪಿದ್ದನ್ನು ಸದ್ದಿಲ್ಲದೆ ಸರಿಮಾಡಿದವರಿಗೆ ಎಲ್ಲಕ್ಕಿಂತ ಮೊದಲ ವಂದನೆ.’

ಕೆಳಗೆ ಓದುಗರ ಮಾತುಗಳು ಇನ್ನೂ ಬಂದು ಸೇರುತ್ತಲೇ ಇದ್ದವು. ಒಬ್ಬಾಕೆ ಬರೆದಿದ್ದಳು: ‘ಗುಜರಿಗೆ ಹಾಕ್ತೀನಿ ಅಂದಿದ್ದ ನನ್ನ ಗಂಡ, ಯಂತ್ರವನ್ನಲ್ಲ, ನನ್ನನ್ನು. ನಿಮ್ಮಿಂದ ನಾವಿಬ್ಬರೂ ಉಳಿದುಕೊಂಡೆವು. ನಾನು ಮತ್ತು ಯಂತ್ರ.’ ಇನ್ನೊಬ್ಬರು: ‘ನಿಮ್ಮ ಮುಖ ಗೊತ್ತಿಲ್ಲ. ಆದರೆ ಬೆಲ್ಟ್ ಹಾಕುವಾಗಲೆಲ್ಲ ನಿಮ್ಮ ದನಿ ಕೇಳುತ್ತೆ.’

ಅವಳು ಕಣ್ಣೊರೆಸಿಕೊಂಡು ಮತ್ತೆ ಮೇಲಕ್ಕೆ ಬಂದಳು. ಆಗ ಕಂಡಿತು.

‘ಬಾಬಿನ್‌ನಲ್ಲೂ.’ ‘ಪೆಡಲ್‌ಗೆ.’

ಇಂಥ ಪದಗಳನ್ನು ಟೈಪು ಮಾಡುವುದರಲ್ಲಿ ಒಂದು ಸೂಕ್ಷ್ಮವಿದೆ. ಸುಮ್ಮನೆ ಒತ್ತುತ್ತ ಹೋದರೆ ಎರಡು ಅಕ್ಷರ ಒಂದಕ್ಕೊಂದು ಅಂಟಿ, ಎರಡನೆಯದು ಮೊದಲನೆಯದರ ಕಾಲಡಿ ಒತ್ತಕ್ಷರವಾಗಿ ಜೋತುಬೀಳುತ್ತದೆ. ‘ಪೆಡಲ್‌ಗೆ’ ಎಂಬುದು ‘ಪೆಡಲ್ಗೆ’ ಆಗುತ್ತದೆ. ಅಂಟದಿರಬೇಕಾದರೆ ಒಂದು ಕೀಲಿಯನ್ನು ಇನ್ನೊಂದು ಸಲ ಒತ್ತಿ, ಎರಡರ ನಡುವೆ ಕಣ್ಣಿಗೆ ಕಾಣದ ಒಂದು ಬೇಲಿ ಹಾಕಬೇಕು.

ಅತ್ತೆ ಜನ್ಮದಲ್ಲಿ ಬೇಲಿ ಹಾಕಿದವರಲ್ಲ. ಅವರ ಬ್ಲಾಗಿನ ತುಂಬ ‘ಪೆಡಲ್ಗೆ’, ‘ಶಟಲ್ನಲ್ಲಿ’. ಸೊಸೆಯನ್ನು ಹೊಗಳಿ 'ನಮ್ಮ ಗಪ್ಚಿಪ್ ಈ ಫೋಟೋ ತೆಗೆದಳು' ಎಂದು ಬರೆದಾಗಲೂ ಅವಳ ಹೆಸರು ಹಾಗೆಯೇ ಅಂಟಿಕೊಂಡಿತ್ತು. ತಿದ್ದಲು ಹೋದರೆ ಬೈಗುಳ: ‘ಒಂದು ಅಕ್ಷರಕ್ಕೆ ಎರಡೆರಡು ಸಲ ಕುಟ್ಟೋಕೆ ನಾನೇನು ಮೊಳೆ ಹೊಡೀತಿದೀನಾ? ಓದೋರಿಗೆ ಅರ್ಥ ಆಗುತ್ತೆ, ಬಿಡೇ.’

ಅಂದರೆ ಬರೆದದ್ದು ಅತ್ತೆಯಲ್ಲ. ಈ ಅಂಗಡಿಯಲ್ಲಿ ಬೇಲಿ ಹಾಕುವವಳು ಒಬ್ಬಳೇ. ತಾನು.

ತಾನು ಬರೆದಿಲ್ಲವೆಂದು ತನಗೆ ಗೊತ್ತು. ಆದರೆ ಪುರಾವೆ ನೋಡಿದರೆ ತನ್ನ ಕಡೆಗೇ ಕೈ ತೋರಿಸುತ್ತಿದೆ. ಪತ್ತೆ ಮಾಡಲು ಹೊರಟವಳು ತನ್ನ ಹೆಜ್ಜೆ ಗುರುತನ್ನೇ ಹಿಂಬಾಲಿಸಿ ಬಂದಂತಾಯಿತಲ್ಲ ಎಂದು ಇನ್ನೊಮ್ಮೆ ಓದಿದಳು.

‘ಮರ‍್ಯಾದೆ.’

ಅಲ್ಲಿ ಬೆರಳು ನಿಂತಿತು. ಅವಳೂ ಅವಳ ಓರಗೆಯವರೂ ‘ಮರ್ಯಾದೆ’ ಎಂದೇ ಬರೆಯುವುದು, ಕೊನೆಗೊಂದು ಅರ್ಕಾವತ್ತು ಕೊಟ್ಟು. ಇಲ್ಲಿ ರ ಮುಂದೆ ನೆಟ್ಟಗೆ ನಿಂತು, ಅದರ ಬುಡದಲ್ಲಿ ಯ ತೂಗುತ್ತಿತ್ತು. ಹಳೆಯ ಪುಸ್ತಕಗಳಲ್ಲಿ ಮಾತ್ರ ಹೀಗೆ ಕಾಣುತ್ತದೆ. ಇದನ್ನು ಮೂಡಿಸಲು ಇನ್ನೂ ಒಂದು ಕಾಣದ ಕೀಲಿ ಬೇಕು. ಅದು ಅವಳಿಗೂ ಬಾರದು.

ಬರುವುದು, ಬದುಕೆಲ್ಲ ಅಚ್ಚಿನ ಮೊಳೆ ಜೋಡಿಸಿ, ಆಮೇಲೆ ಅದನ್ನೇ ಕಂಪ್ಯೂಟರಿನಲ್ಲಿ ಜೋಡಿಸಿದವರಿಗೆ.

ಕೊನೆಯ ಸಾಲಿನಲ್ಲಿ ಒಂದು ‘ಟೇಬಲ್ನ’ ಅಂಟಿಕೊಂಡಿತ್ತು. ಇರಲಿ, ಆನೆಯೂ ಒಮ್ಮೊಮ್ಮೆ ಎಡವುತ್ತದೆ. ಅವಳು ಪುಟವನ್ನು ಮುದ್ರಿಸಿಕೊಂಡು, ಪರದೆ ಸರಿಸಿ ಒಳಕೋಣೆಗೆ ಹೋದಳು.

ಮಾವ ಉದ್ದ ಮೇಜಿನ ಆ ತುದಿಯಲ್ಲಿ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಅತ್ತೆ ರಿಪೇರಿ ಮುಗಿಸಿ ಒಳಗಿಟ್ಟ ಯಂತ್ರದ ಹೊಟ್ಟೆಗೆ ಟಾರ್ಚು ಬಿಟ್ಟು ನೋಡುತ್ತಿದ್ದರು. ಅವಳನ್ನು ಕಂಡವರೇ ಸ್ಕ್ರೂಡ್ರೈವರನ್ನು ಬಟ್ಟೆಯ ಕೆಳಗೆ ಸರಿಸಿದರು.

ಅವಳು ಕಾಗದವನ್ನು ಮುಂದಿಟ್ಟು ‘ಮರ‍್ಯಾದೆ’ಯ ಮೇಲೆ ಬೆರಳಿಟ್ಟಳು.

ಮಾವನ ಕೈ ತಾನಾಗಿಯೇ ಕಿವಿಯ ಹಿಂದೆ ಹೋಗಿ ಇಲ್ಲದ ಪೆನ್ಸಿಲ್ಲನ್ನು ತಡಕಾಡಿತು. "ಏನಮ್ಮಾ? ಇದರಲ್ಲೇನು ತಪ್ಪಿದೆ?"

"ತಪ್ಪೇ ಇಲ್ಲ ಮಾವ. ಅದೇ ತಪ್ಪಾಗಿರೋದು."

ಹೊರಗೆ ಯಾವುದೋ ಗಾಡಿ ಹಾರ್ನ್ ಹೊಡೆದು ಹೋಯಿತು. ಮಾವ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಇಷ್ಟು ಬೇಗ ಬರಬಾರ್ದಿತ್ತು ಅದು," ಎಂದರು ಕೊನೆಗೆ. "ನಾನು ತಾರೀಕು ಮುಂದೆ ಹಾಕಿದ್ದೆ."

"ಮುಂದೆ ಹಾಕ್ತಾನೇ ಇದ್ರಂತೆ."

"ಅದೂ ಗೊತ್ತಾಯ್ತಾ." ಅವರು ಸಣ್ಣಗೆ ನಕ್ಕರು, ಸಿಕ್ಕಿಬಿದ್ದವರ ನಗೆಯಲ್ಲ, ಹೊರೆ ಇಳಿಸಿದವರದು. "ನಿಮ್ಮತ್ತೆ ಕೈ ನಡುಗುತ್ತಮ್ಮ. ಚಳಿಗೆ ಅಂತಾಳೆ. ಬಿಸಿಲಲ್ಲೂ ಚಳೀನಾ? ನೂಲು ಬಿಗಿ ಮಾಡೋ ಟೆನ್ಷನ್ ಸ್ಕ್ರೂ ಸರಿಯಾಗಿ ಕೂರಲ್ಲ, ಸೂಜಿ ಅರ್ಧ ಕೂದಲು ಆಚೆ ನಿಲ್ಲುತ್ತೆ. ಅವಳು ಊಟಕ್ಕೆ ಎದ್ದಾಗ ನಾನು ಬಿಚ್ಚಿ ಸರಿ ಮಾಡಿ ಇಟ್ಟುಬಿಡ್ತೀನಿ. ನನಗೆ ಬಂದಷ್ಟು. ಅವಳ ಬ್ಲಾಗ್ ಓದಿಯೇ ಕಲ್ತಿದ್ದು."

"ಅತ್ತೆಗೆ ಹೇಳ್ಬಹುದಿತ್ತಲ್ಲ ಮಾವ."

"ನಿನಗಾದ್ರೆ ಬಾಯಿಲ್ಲ ಅಂತ ಎಲ್ರಿಗೂ ಗೊತ್ತು. ನನಗೆ ಬಾಯಿದೆ ಅಂತ ಎಲ್ರೂ ತಿಳ್ಕೊಂಡಿದಾರೆ. ಅದಿನ್ನೂ ಕಷ್ಟ." ಅವರು ಕಾಗದದ ಅಂಚನ್ನು ಬೆರಳಿಂದ ಸವರಿದರು. "ನಮ್ಮ ಪ್ರೆಸ್ ಮುಚ್ಚಿದ ದಿನ ಬೀಗ ಹಾಕಿದ್ರು, ನಾವು ಚಪ್ಪಲಿ ಮೆಟ್ಕೊಂಡು ಬಂದ್ವಿ. ಒಬ್ಬರೂ ಒಂದು ವಂದನೆ ಅನ್ಲಿಲ್ಲ. ನಾನೂ ಯಾರಿಗೂ ಅನ್ಲಿಲ್ಲ. ಇವಳಿಗೆ ಹಾಗಾಗಬಾರ್ದು ಅನ್ನಿಸ್ತು. ಜನ ಅವಳಿಗೆ ಏನು ಹೇಳ್ಬೇಕೋ ಅದನ್ನ ಅವಳು ಕೈಯಲ್ಲಿ ಕಸುಬು ಇರೋವಾಗ್ಲೇ ಕೇಳ್ಬೇಕು. ಅದಕ್ಕೆ ಬರೆದೆ. ಆದ್ರೆ ಆ ತಾರೀಕು ಹತ್ತಿರ ಬಂದಾಗೆಲ್ಲ, ಬೆಳಿಗ್ಗೆ ಅವಳು ಷಟರ್ ಎತ್ತೋ ಸದ್ದು ಕೇಳ್ತಿತ್ತು. ಒಂದೇ ಏಟಿಗೆ ಎತ್ತುತಾಳೆ ನೋಡು, ಧಡಾರ್ ಅಂತ. ಇವತ್ತು ಬೇಡ ಅನ್ನಿಸೋದು. ತಳ್ಳಿಬಿಡ್ತಿದ್ದೆ."

ಸೈಟು ಉಳಿಯಬೇಕಾದರೆ ಇವರ ಹೆಸರು ಹೇಳಬೇಕು. ಇವರ ಹೆಸರು ಹೇಳಿದರೆ ನಡುಗುವ ಕೈಯ ಮಾತು ಬರುತ್ತದೆ. ಅತ್ತೆ ಜೇಬಿನಲ್ಲಿ ಬಚ್ಚಿಟ್ಟುಕೊಂಡು ತಿರುಗುವ ಆ ಕೈಯ ಮಾತು. ಯಾವ ಕಡೆ ಎಳೆದರೂ ಹರಿಯುವುದು ಒಂದೇ ಬಟ್ಟೆ.

ಸಮಾಧಾನ ಹೇಳಲೆಂದು ಅವಳು ಕಾಗದದ ತುದಿ ತೋರಿಸಿದಳು. "ಎಲ್ಲಕ್ಕಿಂತ ಈ ಕೊನೇ ಸಾಲು ನನಗೆ ತುಂಬ ಇಷ್ಟ ಆಯ್ತು ಮಾವ. ಒಂದು ಕಡೆ ಕೈತಪ್ಪಿದೆ, ಅಷ್ಟೆ."

"ಕೈತಪ್ಪಾ?" ಮಾವ ನೆಟ್ಟಗೆ ಕೂತರು. ಕಳ್ಳನೆಂದರೂ ಸಹಿಸಿಕೊಂಡವರು ಇದನ್ನು ಸಹಿಸಲಿಲ್ಲ. "ನಂದಾ? ಎಲ್ಲಿ?"

"ಟೇಬಲ್‌ನ ಅನ್ನೋದು ಅಂಟ್ಕೊಂಡಿದೆ ನೋಡಿ. ಇಲ್ಲಿ."

"ಸಾಧ್ಯವೇ ಇಲ್ಲ. ಜ್ವರ ಬಂದು ಮಲಗಿದ್ರೂ ನನ್ನ ಬೆರಳು ಹಾಗೆ ಒತ್ತಲ್ಲ." ಕಾಗದ ಕಿತ್ತುಕೊಂಡು ಕಣ್ಣ ಹತ್ತಿರ ಹಿಡಿದರು. ಅದು ಹೊರಗೆ ಬಂದ ದಿನದಿಂದ ಅವರು ಅದನ್ನು ಓದಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಮುಖ ಮರೆಸಿಕೊಂಡು ಇಲ್ಲಿಯೇ ಕೂತಿದ್ದರು.

ಮಾವ ಸಾಲಿನ ಕೊನೆ ಮುಟ್ಟಿದರು. ಮತ್ತೆ ಮೊದಲಿನಿಂದ ಓದಿದರು. ತುಟಿಗಳು ಮಾತ್ರ ಅಲುಗಾಡುತ್ತಿದ್ದವು: ಆ ಬದಿ ಕೂತು... ಸದ್ದಿಲ್ಲದೆ... ಮೊದಲ ವಂದನೆ.

"ಅಮ್ಮಾ," ಎಂದರು. "ನಾನು ಸೂಜಿ ಹತ್ರ ನಿಲ್ಲಿಸಿದ್ದೆ. ಯಂತ್ರವನ್ನು ಬಯ್ಯಬೇಡಿ, ಅಲ್ಲಿಗೆ ಮುಗಿಸಿದ್ದೆ. ಈ ಸಾಲು ನಾನು ಬರೆದಿದ್ದಲ್ಲ."

ಅವಳು ಮೇಜನ್ನು ನೋಡಿದಳು. ಮೇಜಿನ ಆ ಬದಿಯನ್ನು ನೋಡಿದಳು. ಬಟ್ಟೆಯ ಕೆಳಗಿಂದ ಹಿಡಿ ಚಾಚಿದ್ದ ಸ್ಕ್ರೂಡ್ರೈವರನ್ನು ನೋಡಿದಳು. ಅಂಟಿಕೊಂಡಿದ್ದ ‘ಟೇಬಲ್ನ’ವನ್ನೂ ನೋಡಿದಳು: ಈ ಅಂಗಡಿಯಲ್ಲಿ ಬೇಲಿ ಹಾಕದೆ ಬರೆಯುವವರು ಒಬ್ಬರೇ.

ಅಂಗಡಿಯ ಕಡೆಯಿಂದ ಷಟರು ಅರ್ಧ ಇಳಿದ ಸದ್ದು ಬಂತು. ಆಮೇಲೆ ಚಪ್ಪಲಿಯ ಸದ್ದು. ಪರದೆ ಸರಿಯಿತು. ಬಲಗೈ ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ಅತ್ತೆ ಬಾಗಿಲಿನಲ್ಲಿ ನಿಂತಿದ್ದರು. ಅವರು ಸೊಸೆಯ ಕಡೆ ನೋಡಲಿಲ್ಲ, ಕಾಗದದ ಕಡೆಯೂ ನೋಡಲಿಲ್ಲ. ಗಂಡನನ್ನೇ ನೋಡುತ್ತಿದ್ದರು, ಬಹಳ ದಿನದಿಂದ ಒಂದು ಮಾತಿಗಾಗಿ ಕಾದವರ ಹಾಗೆ.

"ಹೊತ್ತಾಯ್ತು," ಎಂದರು. "ಸಿಕ್ಕಿದ್ನೋ ಇಲ್ವೋ? ಅಳಿಸೋದಾದ್ರೆ ಈಗ್ಲೇ ಅಳಿಸಿಬಿಡು."

ಮಾವನ ಬೆರಳುಗಳು ಗಪ್‌ಚಿಪ್‌ಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದವು. ತಲೆಯಾಡಿಸಿದರೆ ಸಾಕಿತ್ತು, ಹೌದೆಂದೋ ಇಲ್ಲವೆಂದೋ. ಅವಳ ಕತ್ತು ಅಭ್ಯಾಸಬಲದಿಂದ ಅಲುಗಲು ಹೊರಟಿತ್ತು ಕೂಡ.

ಅವಳು ಅದನ್ನು ತಡೆದಳು. ಎದೆಯ ಆಳದಿಂದ, ಅರ್ಧ ಇಳಿದ ಷಟರಿನ ಆಚೆ ರಸ್ತೆಗೂ ಕೇಳಿಸುವಷ್ಟು ದೊಡ್ಡದಾಗಿ ಅವಳ ದನಿ ಬಂತು.

"ಕಳ್ಳರು ಇಬ್ಬರು ಅತ್ತೆ. ಎರಡನೆಯವರು ನೀವು."